ಅಲೆ ಎರಡೇ ಮೀಟರ್ ಎಂದಿತ್ತು ಮುನ್ಸೂಚನೆ. ನಾವು ಎಲ್ಲಿ ತಿರುಗಬೇಕಿತ್ತು?

ಹೊಸಗಾಳ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಈ ಚರ್ಚಾತಾಣದಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಕಳೆದ ಶನಿವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಾವು ಗೆಳೆಯರು ಐದು ಜನ, ಜೊತೆಗೆ ಬೋಟು ನಡೆಸುವ ತಾಂಡೇಲ. 34 ಅಡಿಯ ಬೋಟು, ಒಂದೇ ಡೀಸೆಲ್ ಎಂಜಿನ್. ದಡದಿಂದ 28 ನಾಟಿಕಲ್ ಮೈಲು ಆಚೆ, ಸಮುದ್ರದ ತಳ ಥಟ್ಟನೆ ಇಳಿಯುವ ಅಂಚಿನಲ್ಲಿ ಟ್ಯೂನಾಕ್ಕೆ ಗಾಳ ಹಾಕುವುದು ನಮ್ಮ ಯೋಜನೆ. ಮುನ್ಸೂಚನೆ ನೋಡಿಯೇ ಹೊರಟಿದ್ದೆವು: ಅಲೆ 2 ಮೀಟರ್, ಗಾಳಿ 17 ನಾಟ್ (ಗಂಟೆಗೆ 17 ನಾಟಿಕಲ್ ಮೈಲು), ಮಧ್ಯಾಹ್ನದ ನಂತರ ಹೆಚ್ಚಬಹುದು ಎಂದಿತ್ತು. ಬೆಳಗಿನ ನಾಲ್ಕಕ್ಕೆ ಬಂದರು ಬಿಟ್ಟೆವು. ದಾರಿಯುದ್ದಕ್ಕೂ ಎದುರು ಗಾಳಿ, ಎದುರು ಅಲೆ. ಬೋಟಿನ ಮೂತಿ ಎದ್ದು ಎದ್ದು ಬಡಿಯುತ್ತಿತ್ತು. ಎಂಟಕ್ಕೆ ತಲುಪಿದಾಗ ಇಬ್ಬರು ವಾಂತಿ ಮಾಡಿ ಮಲಗಿದ್ದರು. ಒಂಬತ್ತೂವರೆಯವರೆಗೆ ಏನೂ ಸಿಗಲಿಲ್ಲ. ಆಮೇಲೆ ಒಂದರ ಹಿಂದೆ ಒಂದರಂತೆ ಎಳೆಯತೊಡಗಿದವು.

ಹತ್ತೂವರೆಗೆ ತಾಂಡೇಲ ಬಂದು, 'ಸಾಕು, ಗಾಳ ಎತ್ತಿ, ಹೊರಡೋಣ' ಎಂದರು. 'ಇನ್ನೊಂದು ಗಂಟೆ ಇರೋಣ' ಎಂದವನು ನಾನು. ಅವರು ಎರಡು ಸಲ ಹೇಳಿದರು, ನಾನು ಎರಡು ಸಲ ತಡೆದೆ. ಹನ್ನೊಂದೂವರೆಗೆ ಹೊರಟಾಗ ಗಾಳಿ 25 ನಾಟ್ ದಾಟಿತ್ತು. ಹಿಂದಿನಿಂದ ಬರುವ ಅಲೆಯಲ್ಲಿ ಒಂದೂ ಕಾಲು ಗಂಟೆ ಓಡಿದ ಮೇಲೆ ಎಂಜಿನ್ ಕೆಮ್ಮಿತು, ನಿಂತಿತು. ಬೋಟು ಅಲೆಗೆ ಅಡ್ಡ ತಿರುಗಿತು. ಕಟ್ಟದೇ ಇಟ್ಟಿದ್ದ ಐಸ್ ಪೆಟ್ಟಿಗೆ ಜಾರಿ ಬಂದು ನನ್ನ ಗೆಳೆಯನ ಮಂಡಿಗೆ ಬಡಿಯಿತು. ಹನ್ನೊಂದು ನಿಮಿಷ ಎಂಜಿನ್ ಇರಲಿಲ್ಲ. ಗಡಿಯಾರ ನೋಡುತ್ತಾ ಕುಳಿತಿದ್ದರಿಂದ ಲೆಕ್ಕ ನೆನಪಿದೆ.

ಎಲ್ಲರೂ ವಾಪಸು ಬಂದೆವು. ನನ್ನ ಪ್ರಶ್ನೆ ಇಷ್ಟೇ: ನಾವು ಎಲ್ಲಿ ತಿರುಗಬೇಕಿತ್ತು? ಎರಡು ಮೀಟರ್ ಎಂದರೆ ಹೋಗಬಹುದಾದ ಅಲೆಯೋ, ಹೋಗಬಾರದ ಅಲೆಯೋ?

ಬಲೆಗಾರ

ತಾಂಡೇಲ ಮೊದಲ ಸಲ ಹೇಳಿದಾಗ. ಚರ್ಚೆಗೆ ಬೇರೆ ಜಾಗವೇ ಇಲ್ಲ.

ಗಾಳಿಲೆಕ್ಕ

ಬಲೆಗಾರ ಅವರ ಮಾತು ಸರಿ. ಆದರೆ ಎರಡನೆಯ ಪ್ರಶ್ನೆಗೂ ಉತ್ತರ ಬೇಕು, ಏಕೆಂದರೆ ಎಷ್ಟೋ ಜನ ಈ 2 ಮೀಟರನ್ನು ತಪ್ಪಾಗಿ ಓದುತ್ತಾರೆ.

ಮುನ್ಸೂಚನೆಯಲ್ಲಿ ಕೊಡುವುದು ಅತಿ ದೊಡ್ಡ ಅಲೆಯ ಎತ್ತರವಲ್ಲ. ಎಲ್ಲ ಅಲೆಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ಮೇಲಿನ ಮೂರನೇ ಒಂದು ಭಾಗದ ಸರಾಸರಿ ತೆಗೆದರೆ ಬರುವ ಸಂಖ್ಯೆ ಅದು. ಅಂದರೆ 2 ಮೀಟರ್ ಎಂದು ಬರೆದ ದಿನ 3 ಮೀಟರಿನ ಅಲೆ ಬಂದರೆ ಅದು ಮುನ್ಸೂಚನೆಯ ತಪ್ಪಲ್ಲ. ಸಾವಿರ ಅಲೆಗಳಲ್ಲಿ ಒಂದಾದರೂ ಹೆಚ್ಚುಕಡಿಮೆ ಅದರ ಎರಡರಷ್ಟು ಇರುತ್ತದೆ. ನೀವು ಎಂಟು ಗಂಟೆ ಹೊರಗಿದ್ದರೆ ಸಾವಿರಕ್ಕಿಂತ ಹೆಚ್ಚೇ ಅಲೆಗಳನ್ನು ಎದುರಿಸಿರುತ್ತೀರಿ.

ಅದಕ್ಕಿಂತ ಮುಖ್ಯವಾದದ್ದು, ಎತ್ತರದ ಪಕ್ಕದಲ್ಲೇ ಇರುವ ಇನ್ನೊಂದು ಸಂಖ್ಯೆ: ಅವಧಿ. ಒಂದು ಅಲೆಯ ನೆತ್ತಿಯಿಂದ ಮುಂದಿನ ನೆತ್ತಿಯವರೆಗೆ ಎಷ್ಟು ಸೆಕೆಂಡು ಎಂಬ ಲೆಕ್ಕ. ಆಳ ನೀರಿನಲ್ಲಿ ಆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 12 ಸೆಕೆಂಡಿನ ಅಲೆ ಸುಮಾರು 225 ಮೀಟರ್ ಉದ್ದ. ಅದರ ಮೇಲೆ 2 ಮೀಟರ್ ಎತ್ತರವೆಂದರೆ ಬೋಟು ಗುಡ್ಡದ ಇಳಿಜಾರಿನಲ್ಲಿ ನಿಧಾನವಾಗಿ ಏರಿ ಇಳಿದಂತೆ, ಗೊತ್ತೇ ಆಗುವುದಿಲ್ಲ. 5 ಸೆಕೆಂಡಿನ ಅಲೆ 39 ಮೀಟರ್ ಮಾತ್ರ. ಅದೇ 2 ಮೀಟರ್ ಅಲ್ಲಿ ಗೋಡೆಯಾಗುತ್ತದೆ. ಹೊಸಗಾಳ ಅವರೇ, ಅವಧಿ ಎಷ್ಟೆಂದಿತ್ತು?

ಹೊಸಗಾಳ

ಈಗ ಹಳೆಯ ಮುನ್ಸೂಚನೆ ತೆಗೆದು ನೋಡಿದೆ. 6 ಸೆಕೆಂಡು. ಆ ಸಾಲನ್ನು ಅಂದು ನಾನು ಓದಿಯೇ ಇರಲಿಲ್ಲ.

ಉಪ್ಪುನೀರು

ಮೂವತ್ತು ವರ್ಷ ಕಡಲಲ್ಲಿ ಕಳೆದವನು ನಾನು. ಈ ಗುಣಾಕಾರ, ಭಾಗಾಕಾರ ದಡದಲ್ಲಿ ಕುಳಿತವರಿಗೆ ಚೆನ್ನ. ಕಡಲನ್ನು ಕಣ್ಣಿನಿಂದ ಓದಬೇಕು. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಕೆಲಸ ಮಾಡಿ. ಎತ್ತ ನೋಡಿದರೂ ಬಿಳಿ ನೊರೆ, ಅಲೆಯ ತುದಿಯಿಂದ ತುಂತುರು ಹಾರುತ್ತಿದ್ದರೆ ಗಾಳ ಸುತ್ತಿ. ಇನ್ನೊಂದು, ಪ್ರತಿ ಏಳನೆಯ ಅಲೆ ದೊಡ್ಡದಾಗಿರುತ್ತದೆ. ಅದನ್ನು ಎಣಿಸಿಕೊಂಡು ಬೋಟು ತಿರುಗಿಸುವುದನ್ನು ನನಗೆ ಕಲಿಸಿದ್ದು ನನ್ನ ತಂದೆ.

ಗಾಳಿಲೆಕ್ಕ

ಉಪ್ಪುನೀರು ಅಣ್ಣ, ಕಣ್ಣಿನಿಂದ ಓದಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಏಳನೆಯ ಅಲೆಯ ವಿಷಯದಲ್ಲಿ ಮಾತ್ರ ಇಲ್ಲ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಅದು ನಿಜ. ಗುಂಪಿನ ನಡುವಿನವು ದೊಡ್ಡವು, ಅವು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ. ಆದರೆ ಆ ಗುಂಪಿನಲ್ಲಿ ಐದು ಇರಬಹುದು, ಹದಿನಾಲ್ಕು ಇರಬಹುದು. ಎಣಿಕೆಯನ್ನು ನಂಬಿ ತಿರುಗಿಸಿದರೆ ಎಂಟನೆಯದು ದೊಡ್ಡದಾಗಿ ಬಂದಾಗ ಬೋಟು ಅಡ್ಡ ಸಿಕ್ಕಿಬೀಳುತ್ತದೆ.

ಉಪ್ಪುನೀರು

ತಂದೆಯವರು ಎಣಿಸುತ್ತಿದ್ದರು, ಆದರೆ ತಿರುಗಿಸುತ್ತಿದ್ದದ್ದು ಬಿಡುವು ಕಂಡ ಮೇಲೆಯೇ. ಈಗ ಯೋಚಿಸಿದರೆ ಏಳು ಎಂಬ ಸಂಖ್ಯೆ ನನ್ನನ್ನು ತಾಳ್ಮೆಯಿಂದ ಕಾಯಿಸುವುದಕ್ಕೆ ಇತ್ತು ಎನಿಸುತ್ತದೆ. ನಿಮ್ಮ ಮಾತನ್ನು ಒಪ್ಪುತ್ತೇನೆ.

ಹಳೆಪುಟ

ಕಣ್ಣೋ ಲೆಕ್ಕವೋ ಎಂಬ ಜಗಳಕ್ಕೆ ಇನ್ನೂರು ವರ್ಷದ ವಯಸ್ಸಾಗಿದೆ. ಗಾಳಿಯನ್ನು 0ಯಿಂದ 12ರವರೆಗೆ ಅಳೆಯುವ ಕ್ರಮವನ್ನು ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಬರೆದಿಟ್ಟದ್ದು ಯಾವ ಉಪಕರಣವೂ ಇಲ್ಲದೆ. ಹಡಗು ಎಷ್ಟು ಹಾಯಿ ಹೊರಬಲ್ಲದು ಎಂಬುದೇ ಅವನ ಅಳತೆ. ಉಪ್ಪುನೀರು ಅವರು ಹೇಳಿದ ಬಿಳಿ ನೊರೆ ಅದೇ ಮಾಪಕದಲ್ಲಿ ನಂತರ ಸೇರಿತು: 3ರಲ್ಲಿ ಅಲ್ಲಲ್ಲಿ ನೊರೆ, 6ರಲ್ಲಿ, ಅಂದರೆ 22ರಿಂದ 27 ನಾಟ್ ಗಾಳಿಯಲ್ಲಿ, ಎಲ್ಲೆಡೆ ನೊರೆ ಮತ್ತು ಸ್ವಲ್ಪ ತುಂತುರು. ಹೊಸಗಾಳ ಅವರು ಹೊರಟದ್ದು 5ರಲ್ಲಿ, ಮರಳಿದ್ದು 6ರಲ್ಲಿ.

ಆ ಮಾಪಕವನ್ನು ಅಧಿಕೃತವಾಗಿ ಮೊದಲು ಬಳಸಿದ ಯಾನವೆಂದರೆ ಡಾರ್ವಿನ್ ಹೋದ ಬೀಗಲ್ ಹಡಗಿನದು, 1831ರಿಂದ 1836. ಅದರ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನಾನೂರಕ್ಕೂ ಹೆಚ್ಚು ಜನ ಮುಳುಗಿದ ಮೇಲೆ, ಇದೇ ಫಿಟ್ಜ್‌ರಾಯ್ 1861ರಲ್ಲಿ ಬಂದರುಗಳಿಗೆ ತಂತಿಯ ಮೂಲಕ ಬಿರುಗಾಳಿ ಎಚ್ಚರಿಕೆ ಕಳಿಸುವ ವ್ಯವಸ್ಥೆ ಆರಂಭಿಸಿದರು. ಮೀನುಗಾರರ ಊರುಗಳಲ್ಲಿ ವಾಯುಭಾರ ಮಾಪಕ ಇಡಿಸಿದವರೂ ಅವರೇ. 1865ರಲ್ಲಿ ಅವರು ತೀರಿಕೊಂಡ ನಂತರ, ಇದು ವಿಜ್ಞಾನವಲ್ಲ ಎಂದು ಎಚ್ಚರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಕಡಲಿಗೆ ಹೋಗುವವರು ಬಿಡಲಿಲ್ಲ. 1867ರಲ್ಲಿ ಮತ್ತೆ ಆರಂಭವಾಯಿತು. ನಾವು ಮೊಬೈಲ್‌ನಲ್ಲಿ ಅರ್ಧ ಓದಿ ಬಿಡುವ ಆ ಸಾಲುಗಳನ್ನು ಕೇಳಿ ಪಡೆದವರು ಅವರು.

ಬಲೆಗಾರ

ಒಳ್ಳೆಯ ಮಾಹಿತಿ ಸರ್. ಆದರೆ ಎಂಜಿನ್ ಯಾಕೆ ನಿಂತಿತು ಎಂದು ಯಾರೂ ಕೇಳುತ್ತಿಲ್ಲವಲ್ಲ?

ಡೀಸೆಲ್‌ಕೈ

ಕೇಳುವುದೇ ಬೇಡ, ನಾನು ಹೇಳುತ್ತೇನೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೆಸರು, ನೀರು, ಡೀಸೆಲ್‌ನಲ್ಲಿ ಬೆಳೆಯುವ ಲೋಳೆ. ಕಡಲು ಶಾಂತವಾಗಿದ್ದಾಗ ಅದು ಕದಲುವುದಿಲ್ಲ. ಒರಟು ಅಲೆಯಲ್ಲಿ ಟ್ಯಾಂಕು ಕಲಕಿದ ಮೇಲೆ ಎಲ್ಲವೂ ಒಟ್ಟಿಗೆ ಫಿಲ್ಟರ್‌ಗೆ ಬರುತ್ತದೆ. ಎಂಜಿನ್ ಅತ್ಯಂತ ಬೇಕಾದ ಹೊತ್ತಿಗೇ ನಿಲ್ಲುವುದು ದುರದೃಷ್ಟದಿಂದಲ್ಲ. ಅಲೆಯೇ ಅದನ್ನು ನಿಲ್ಲಿಸುತ್ತದೆ. ಟ್ಯಾಂಕು ಅರ್ಧ ಖಾಲಿಯಾಗಿದ್ದರೆ ಕಲಕಾಟ ಇನ್ನೂ ಹೆಚ್ಚು. ಹೌದೋ ಅಲ್ಲವೋ ಹೇಳಿ.

ಹೊಸಗಾಳ

ಹೌದು. ಆ ಹನ್ನೊಂದು ನಿಮಿಷದಲ್ಲಿ ನಾನು ತಾಂಡೇಲರಿಗೆ ಟಾರ್ಚ್ ಹಿಡಿದಿದ್ದೆ. ಎಂಜಿನ್ ಕೋಣೆಯ ಮುಚ್ಚಳ ತೆಗೆದಾಗ ಬಿಸಿ ಗಾಳಿ, ಡೀಸೆಲ್ ವಾಸನೆ ಮುಖಕ್ಕೆ ರಾಚಿತು. ಅವರು ಹೊಟ್ಟೆಯ ಮೇಲೆ ಮಲಗಿ, ಎರಡೂ ಕಾಲನ್ನು ಕಂಬಕ್ಕೆ ಸಿಕ್ಕಿಸಿಕೊಂಡು ಫಿಲ್ಟರ್ ಬಿಚ್ಚಿದರು. ಗಾಜಿನ ಬಟ್ಟಲಿನಲ್ಲಿ ಇದ್ದದ್ದು ಡೀಸೆಲ್ ಎಂದು ಯಾರೂ ಹೇಳುವಂತಿರಲಿಲ್ಲ, ಕಾಫಿ ಗಸಿಯ ಹಾಗೆ ಕಪ್ಪು. ಹೊಸ ಫಿಲ್ಟರ್ ಹಾಕಿ, ಸಣ್ಣ ತಿರುಪು ಸಡಿಲಿಸಿ, ಹೆಬ್ಬೆರಳಿನಿಂದ ಕೈಪಂಪು ಒತ್ತತೊಡಗಿದರು. ನೊರೆ ನೊರೆಯಾಗಿ ಗುಳ್ಳೆ ಬಂತು. ಒತ್ತಿದರು, ಮತ್ತೆ ಗುಳ್ಳೆ. ಬೋಟು ಒಂದು ಪಕ್ಕಕ್ಕೆ ಮಲಗಿದಾಗಲೆಲ್ಲ ಸ್ಪ್ಯಾನರ್ ಜಾರಿ ಹೋಗದಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಗುಳ್ಳೆ ನಿಂತು ಬರಿಯ ಡೀಸೆಲ್ ಜಿನುಗಿದಾಗ ತಿರುಪು ಬಿಗಿಮಾಡಿ, 'ಚಾವಿ ತಿರುಗಿಸು' ಎಂದರು. ಎರಡನೆಯ ಸಲಕ್ಕೆ ಹಿಡಿಯಿತು.

ಡೀಸೆಲ್‌ಕೈ

ಆ ತಾಂಡೇಲರಿಗೆ ನನ್ನ ನಮಸ್ಕಾರ ತಿಳಿಸಿ. ಹೆಚ್ಚುವರಿ ಫಿಲ್ಟರ್ ಇಟ್ಟುಕೊಂಡಿದ್ದರು, ಇಂಧನದ ಕೊಳವೆಯೊಳಗಿನ ಗಾಳಿ ತೆಗೆಯುವುದು ಕತ್ತಲಲ್ಲೂ ಗೊತ್ತಿತ್ತು. ಎಲ್ಲರಿಗೂ ಒಂದು ಮಾತು: ಬಂದರಿನಲ್ಲಿ ಬೋಟು ಕಟ್ಟಿದ್ದಾಗ ಒಮ್ಮೆ ಈ ಕೆಲಸವನ್ನು ನೀವೇ ಮಾಡಿ ನೋಡಿ. ಎರಡು ಫಿಲ್ಟರ್ ಪಕ್ಕಪಕ್ಕ ಇಟ್ಟು ನಡುವೆ ವಾಲ್ವ್ ಹಾಕಿಸಿದರೆ, ಒಂದು ಕಟ್ಟಿಕೊಂಡಾಗ ಇನ್ನೊಂದಕ್ಕೆ ತಿರುಗಿಸಿದರಾಯಿತು, ಎಂಜಿನ್ ನಿಲ್ಲುವುದೇ ಇಲ್ಲ. ಇಂಧನದ ಹಳೆಯ ಲೆಕ್ಕವೂ ನೆನಪಿರಲಿ: ಹೋಗಲು ಮೂರನೇ ಒಂದು, ಬರಲು ಮೂರನೇ ಒಂದು, ಉಳಿದದ್ದು ಮುಟ್ಟಬಾರದ್ದು.

ಏರುತೆರೆ

ನನಗೆ ಅರ್ಥವಾಗದ್ದು ಬೇರೆ. ಅಲೆ ಹಿಂದಿನಿಂದ ಬರುತ್ತಿತ್ತಲ್ಲ, ಪೂರ್ತಿ ವೇಗ ಕೊಟ್ಟು ಅಲೆಯ ಬೆನ್ನ ಮೇಲೆ ಕುಳಿತು ಬಂದಿದ್ದರೆ ಬೇಗ ದಡ ಸೇರುತ್ತಿದ್ದಿರಿ. ನಾನು ಯಾವಾಗಲೂ ಹಾಗೆಯೇ ಬರುವುದು.

ಚುಕ್ಕಾಣಿ

ಏರುತೆರೆ ಅವರೇ, ನಿಮ್ಮ ಬೋಟು ಯಾವುದು? ಹಿಂಭಾಗದ ಹೊರಗೆ ಕಟ್ಟುವ ಎರಡು ಔಟ್‌ಬೋರ್ಡ್ ಎಂಜಿನ್ ಇರುವ ಹಗುರ ಬೋಟಾದರೆ ನೀವು ಹೇಳಿದ್ದು ನಡೆಯುತ್ತದೆ. ಇವರದ್ದು ಡೀಸೆಲ್ ಬೋಟು, ಹೆಚ್ಚೆಂದರೆ 9 ನಾಟ್. 6 ಸೆಕೆಂಡಿನ ಅಲೆ ಓಡುವುದು ಸುಮಾರು 18 ನಾಟ್‌ನಲ್ಲಿ. ಅಲೆಯ ಬೆನ್ನ ಮೇಲೆ ಕುಳಿತುಕೊಳ್ಳುವುದೆಲ್ಲಿ ಬಂತು? ಪ್ರತಿಯೊಂದು ಅಲೆಯೂ ಇವರನ್ನು ಹಿಂದೆ ಹಾಕಿಯೇ ಹೋಗುತ್ತದೆ.

ಅಪಾಯ ಇರುವುದು ಅಲೆಯ ನೆತ್ತಿ ಬೋಟಿನ ಹಿಂಭಾಗವನ್ನು ಎತ್ತಿದ ಕ್ಷಣದಲ್ಲಿ. ನೆತ್ತಿಯ ನೀರು ಬೋಟು ಹೋಗುವ ದಿಕ್ಕಿಗೇ ಹರಿಯುತ್ತಿರುತ್ತದೆ. ಚುಕ್ಕಾಣಿಯ ಹಲಗೆಗೆ ಬಡಿಯುವ ನೀರು ಕಡಿಮೆಯಾಗಿ, ಚಕ್ರ ಎಷ್ಟು ತಿರುಗಿಸಿದರೂ ಬೋಟು ಕೇಳುವುದಿಲ್ಲ. ಮೂತಿ ತಗ್ಗಿನಲ್ಲಿ ಹೂತು, ಹಿಂಭಾಗ ಪಕ್ಕಕ್ಕೆ ಬೀಸಿ, ಬೋಟು ಅಡ್ಡ ಬೀಳುತ್ತದೆ. ಆಗ ಮುಂದಿನ ಅಲೆ ಸಾಕು. ಪೂರ್ತಿ ವೇಗದಲ್ಲಿದ್ದರೆ ಇದು ಇನ್ನೂ ಸುಲಭವಾಗಿ ಆಗುತ್ತದೆ. ಆದ್ದರಿಂದ ನೆತ್ತಿ ಬರುವಾಗ ವೇಗ ಇಳಿಸಿ, ಬೆನ್ನು ಅಲೆಗೆ ನೇರವಾಗಿಟ್ಟು, ಅದು ಅಡಿಯಿಂದ ಹಾದುಹೋಗಲು ಬಿಡಬೇಕು. ಬೋಟು ಪಕ್ಕಕ್ಕೆ ಸರಿಯತೊಡಗಿದರೆ ಮಾತ್ರ ಒಂದು ಕ್ಷಣ ಜೋರು ಕೊಟ್ಟು ನೇರ ಮಾಡಬೇಕು.

ಏರುತೆರೆ

ನನ್ನದು ಔಟ್‌ಬೋರ್ಡ್. ಬೋಟಿನ ಬಗೆ ಕೇಳದೆ ಬರೆದದ್ದು ತಪ್ಪು. ಆದರೂ ನನ್ನ ಬೋಟಿನಲ್ಲಿ ನೆತ್ತಿ ದಾಟಿ ಮುಂದಕ್ಕೆ ಜಿಗಿದರೆ ಏನಾಗುತ್ತದೆ?

ಚುಕ್ಕಾಣಿ

ಅದೇ ಆಗುತ್ತದೆ, ಇನ್ನೂ ವೇಗವಾಗಿ. ಮುಂದಿನ ಅಲೆಯ ಹಿಂಬದಿಯಲ್ಲೇ ಇರಿ, ಅದರ ನೆತ್ತಿ ದಾಟಬೇಡಿ.

ಗಾಳಿಲೆಕ್ಕ

ಚುಕ್ಕಾಣಿ ಅವರ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು, ಹೊಸಗಾಳ ಅವರ ಒಂದು ಗಂಟೆಯ ಆಸೆಗೂ ಅದಕ್ಕೂ ಸಂಬಂಧವಿದೆ. ಹೋಗುವಾಗ 7 ನಾಟ್‌ನಲ್ಲಿ ಎದುರಿಗೆ ಹೋಗಿದ್ದೀರಿ ಎಂದುಕೊಳ್ಳಿ. 18 ನಾಟ್‌ನ ಅಲೆ ಎದುರಾದರೆ ನಾಲ್ಕೂವರೆ ಸೆಕೆಂಡಿಗೊಂದು ಬಡಿತ. ಬರುವಾಗ ಅದೇ ಅಲೆ 12 ಸೆಕೆಂಡಿಗೊಂದು. ಗಾಳಿಯೂ ಹಾಗೆಯೇ: 17 ನಾಟ್ ಗಾಳಿಗೆ ಎದುರು 7 ನಾಟ್ ಹೋದರೆ ಮುಖಕ್ಕೆ 24 ಬೀಸುತ್ತದೆ. 25 ನಾಟ್ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು 9ರಲ್ಲಿ ಬಂದರೆ ಬೆನ್ನಿಗೆ 16 ಮಾತ್ರ. ಕಡಲು ಕೆಡುತ್ತಾ ಹೋದಂತೆ ಬೋಟಿನಲ್ಲಿದ್ದವರಿಗೆ ಸುಧಾರಿಸುತ್ತಿದೆ ಎನಿಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ ಎಂಬುದು ಆಗ ಮೈಗೆ ತಿಳಿಯುವುದಿಲ್ಲ. 17ಕ್ಕೂ 25ಕ್ಕೂ ನಡುವೆ ಅದು ಎರಡರಷ್ಟಾಗಿರುತ್ತದೆ.

ಹೊಸಗಾಳ

ನೀವು ಹೇಳಿದ್ದು ಅಕ್ಷರಶಃ ನಿಜ. ಬೋಟು ತಿರುಗಿದ ಕೂಡಲೇ ಬಡಿತ ನಿಂತಿತು. 'ನೋಡಿ, ಸುಮ್ಮನೆ ಹೆದರಿದ್ದೆವು' ಎಂದು ನಾನೇ ಹೇಳಿದ್ದೆ. ತಾಂಡೇಲರು ಉತ್ತರಿಸಲಿಲ್ಲ. ಪ್ರತಿ ಅಲೆಗೂ ಹಿಂದೆ ತಿರುಗಿ ನೋಡುತ್ತಿದ್ದರು.

ದಡದವಳು

ತಮ್ಮ, ನಿನ್ನ ಬರಹವನ್ನು ಎರಡು ಸಲ ಓದಿದೆ. ನನ್ನ ಗಂಡ ಇಪ್ಪತ್ತೆರಡು ವರ್ಷದಿಂದ ಆಳ ಸಮುದ್ರಕ್ಕೆ ಹೋಗುತ್ತಾರೆ. ಇಲ್ಲಿ ಎಲ್ಲರೂ ಬೋಟಿನ ಒಳಗಿನಿಂದ ಮಾತಾಡುತ್ತಿದ್ದೀರಿ. ನಾನು ದಡದಿಂದ ಕೇಳುತ್ತೇನೆ: ನೀವು ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟಿದ್ದಿರಾ?

ನಮ್ಮ ಮನೆಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡು ಹೊತ್ತು ಬರೆದಿರುತ್ತಾರೆ. ಮೊದಲನೆಯದು ಅವರು ಬರುವ ಹೊತ್ತು. ಎರಡನೆಯದು ನಾನು ಕರಾವಳಿ ರಕ್ಷಣಾ ಪಡೆಗೆ ಫೋನ್ ಮಾಡಬೇಕಾದ ಹೊತ್ತು. ಒಮ್ಮೆ ಆ ಎರಡನೆಯ ಹೊತ್ತು ಮೀರಿ ನಲವತ್ತು ನಿಮಿಷ ಆಗಿತ್ತು. ನಾನು ಫೋನ್ ಕೈಯಲ್ಲಿ ಹಿಡಿದು, ಮಾಡಿದರೆ ಜನ ಏನೆನ್ನುತ್ತಾರೋ ಎಂದು ಕೂತಿದ್ದೆ. ಅವರು ಬಂದರು, ಬಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಿತ್ತಂತೆ. ಅಂದು ಅವರು ನನ್ನ ಮೇಲೆ ಸಿಟ್ಟಾದರು, 'ಬರೆದಿಟ್ಟದ್ದು ಯಾಕೆ ಮತ್ತೆ?' ಎಂದರು. ಅವರ ಸಿಟ್ಟು ನ್ಯಾಯವಾಗಿತ್ತು. ಹುಡುಕುವವರಿಗೆ ಹಗಲಿನ ಒಂದು ಗಂಟೆ ಎಂದರೆ ಎಷ್ಟು ದೊಡ್ಡದು ಎಂದು ಆಮೇಲೆ ತಿಳಿದುಕೊಂಡೆ.

ಹೊಸಗಾಳ

ಇಲ್ಲ ಅಕ್ಕ. 'ಸಂಜೆ ಬರುತ್ತೇನೆ' ಎಂದಷ್ಟೇ ಹೇಳಿದ್ದೆ.

ಬಲೆಗಾರ

ಲೈಫ್ ಜಾಕೆಟ್ ಎಲ್ಲರೂ ಹಾಕಿದ್ದಿರಾ?

ಹೊಸಗಾಳ

ಮೂವರು ಹಾಕಿದ್ದರು. ಎಂಜಿನ್ ನಿಂತ ಮೇಲೆ ಉಳಿದವರು ಹುಡುಕಾಡಿದೆವು. ಅವು ಮುಂಭಾಗದ ಪೆಟ್ಟಿಗೆಯಲ್ಲಿ, ಹಗ್ಗದ ರಾಶಿಯ ಕೆಳಗಿದ್ದವು.

ಬಲೆಗಾರ

ಇದಕ್ಕೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಬೋಟು ಮಗುಚಲು ಬೇಕಾದದ್ದು ಒಂದು ಅಲೆ. ಹಗ್ಗದ ರಾಶಿ ಸರಿಸಲು ಬೇಕಾದದ್ದು ಎರಡು ನಿಮಿಷ. ಬಂದರು ಬಿಡುವ ಮೊದಲೇ ಮೈಮೇಲೆ ಇರಬೇಕು. ನೀರಿಗೆ ಬೀಳುವವರಲ್ಲಿ ಎಷ್ಟೋ ಜನ ಬಿರುಗಾಳಿಯಲ್ಲಿ ಬೀಳುವುದಲ್ಲ, ಬೋಟಿನ ಅಂಚಿನಲ್ಲಿ ನಿಂತು ಮೂತ್ರ ಮಾಡುವಾಗ ಬೀಳುತ್ತಾರೆ. ಅದಕ್ಕೊಂದು ಬಕೆಟ್ ಇಡಿ.

ಏರುತೆರೆ

ಜಾಕೆಟ್ ಹಾಕಲೇಬೇಕು. ಆದರೆ ನೀರಿಗೆ ಬಿದ್ದಾಗ ತಾನೇ ಉಬ್ಬುವ ಬಗೆಯದನ್ನು ಹಾಕಿಕೊಂಡು ಮುಚ್ಚಿದ ಕೋಣೆಯೊಳಗೆ ಕೂರಬಾರದು. ಬೋಟು ಮಗುಚಿ ನೀರು ನುಗ್ಗಿದರೆ ಅದು ಉಬ್ಬಿ ನಿಮ್ಮನ್ನು ಚಾವಣಿಗೆ ಒತ್ತಿಬಿಡುತ್ತದೆ, ಬಾಗಿಲಿನತ್ತ ಮುಳುಗಿ ಬರಲು ಆಗುವುದಿಲ್ಲ.

ಚುಕ್ಕಾಣಿ

ಏರುತೆರೆ ಅವರ ಈ ಮಾತು ಬಹಳ ಮುಖ್ಯ. ಫೋಮ್ ಜಾಕೆಟ್‌ಗೂ ಇದು ಅನ್ವಯಿಸುತ್ತದೆ, ಅದೂ ಮೇಲಕ್ಕೇ ಒತ್ತುತ್ತದೆ. ಕಡಲು ಕೆಟ್ಟಾಗ ಒಳಗೆ ಮಲಗುವುದಕ್ಕಿಂತ ಬಾಗಿಲ ಬಳಿ, ಹಿಡಿಯಲು ಗಟ್ಟಿ ಕಂಬ ಇರುವಲ್ಲಿ ಕೂರುವುದು ಮೇಲು.

ಮದ್ದುಚೀಟಿ

ಮಲಗಿದ ಇಬ್ಬರ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ವೈದ್ಯೆ, ಕಡಲಿಗೆ ಹೋಗುವವಳೂ ಹೌದು. ವಾಂತಿಯನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಆರು ಜನರ ಬೋಟಿನಲ್ಲಿ ಇಬ್ಬರು ಬಿದ್ದರೆ ಕೆಲಸಕ್ಕೆ ನಾಲ್ವರು. ಕಣ್ಣು ಬೋಟಿನ ಒಳಗನ್ನು ನೋಡಿ ನಿಂತಿದ್ದೇನೆ ಎನ್ನುತ್ತದೆ, ಕಿವಿಯ ಒಳಭಾಗ ತೂಗುತ್ತಿದ್ದೇನೆ ಎನ್ನುತ್ತದೆ. ಈ ಎರಡರ ಜಗಳವೇ ಕಾಯಿಲೆ. ಆದ್ದರಿಂದ ಹೊರಗೆ, ಬೋಟಿನ ನಡುಭಾಗದಲ್ಲಿ ಕುಳಿತು ದಿಗಂತ ನೋಡಬೇಕು. ಮಾತ್ರೆಯನ್ನು ವಾಂತಿ ಆರಂಭವಾದ ಮೇಲೆ ನುಂಗಿದರೆ ಉಪಯೋಗವಿಲ್ಲ, ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೈನ್ ಪಟ್ಟಿಯನ್ನು ಕನಿಷ್ಠ ನಾಲ್ಕು ಗಂಟೆ ಮೊದಲು ಹಚ್ಚಬೇಕು, ಮೂರು ದಿನ ಬರುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಅದು ಕೂಡದು, ವೈದ್ಯರನ್ನು ಕೇಳಿಯೇ ಬಳಸಿ. ಹಲವು ಮಾತ್ರೆಗಳಿಂದ ಮಂಪರು ಬರುತ್ತದೆ, ಚುಕ್ಕಾಣಿ ಹಿಡಿಯುವವರು ತೆಗೆದುಕೊಳ್ಳಬಾರದು.

ಹಳೆಪುಟ

ಬೀಗಲ್ ಯಾನದಲ್ಲಿ ಡಾರ್ವಿನ್ ಬಹಳ ದಿನ ಇದೇ ವಾಂತಿಯಿಂದ ನರಳಿದ. ನೆಲ್ಸನ್‌ಗೂ ಇತ್ತು, ಅಷ್ಟು ದೊಡ್ಡ ನೌಕಾಪತಿಗೆ. ಆ ಇಬ್ಬರು ಗೆಳೆಯರು ನಾಚಿಕೊಳ್ಳಬೇಕಿಲ್ಲ. ಅಂದಹಾಗೆ, ಆ ಕಾಲದಲ್ಲಿ ಬಿರುಗಾಳಿಗೆ ಸಿಕ್ಕವರು ಚೀಲದಲ್ಲಿ ಎಣ್ಣೆ ತುಂಬಿ ಇಳಿಬಿಡುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಒಂದು ಕೊಳದಲ್ಲಿ ಚಮಚದಷ್ಟು ಎಣ್ಣೆ ಹಾಕಿ ಅರ್ಧ ಎಕರೆ ನೀರು ನಯವಾದದ್ದನ್ನು ಕಂಡು 1774ರಲ್ಲಿ ಬರೆದಿದ್ದಾನೆ. ಅದು ಇಂದಿಗೂ ಪ್ರಯೋಜನವಾದೀತೇ?

ಚುಕ್ಕಾಣಿ

ಎಣ್ಣೆ ಅಲೆಯ ತುದಿ ಮುರಿಯುವುದನ್ನು ಕಡಿಮೆ ಮಾಡುತ್ತದೆ, ಅಲೆಯ ಎತ್ತರವನ್ನಲ್ಲ. ಎಂಜಿನ್ ನಿಂತ ಬೋಟಿಗೆ ಬೇಕಾದದ್ದು ಸಮುದ್ರ ಲಂಗರು: ಛತ್ರಿಯಂಥ ಬಟ್ಟೆ, ಉದ್ದ ಹಗ್ಗ. ಅದನ್ನು ಮೂತಿಯಿಂದ ಬಿಟ್ಟರೆ ನೀರನ್ನು ಕಚ್ಚಿ ಹಿಡಿದು ಬೋಟನ್ನು ಅಲೆಗೆ ಎದುರಾಗಿ ನಿಲ್ಲಿಸುತ್ತದೆ. ಹನ್ನೊಂದು ನಿಮಿಷ ಅಡ್ಡ ಬಿದ್ದಿರಬೇಕಾಗಿರಲಿಲ್ಲ.

ಇನ್ನೊಂದು ಪ್ರಶ್ನೆ. ಬೋಟಿನ ಮೀನಿನ ಕೋಣೆಯಲ್ಲಿ ಕರಗಿದ ಐಸ್ ನೀರು ಎಷ್ಟಿತ್ತು?

ಹೊಸಗಾಳ

ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ಅದರಿಂದ ಏನು?

ಚುಕ್ಕಾಣಿ

ಬೋಟು ಬಲಕ್ಕೆ ವಾಲಿದರೆ ಆ ನೀರೂ ಬಲಕ್ಕೆ ಓಡುತ್ತದೆ, ಬೋಟು ಏಳುವುದನ್ನು ತಡೆಯುತ್ತದೆ. ಕೋಣೆ ಅಗಲವಾದಷ್ಟೂ ಇದರ ಕೆಡುಕು ಅಗಲದ ಘನದಂತೆ ಏರುತ್ತದೆ. ನಡುವೆ ಉದ್ದಕ್ಕೂ ನೀರು ದಾಟದಂಥ ಒಂದೇ ಒಂದು ಹಲಗೆ ಗೋಡೆ ಹಾಕಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಡೆಕ್ಕಿನ ಮೇಲೆ ನಿಂತ ನೀರಿಗೂ ಇದೇ ನಿಯಮ. ನೀರು ಹೊರಹೋಗುವ ಕಿಂಡಿಗಳಿಗೆ ಬಲೆ, ಚೀಲ ಸಿಕ್ಕಿಕೊಂಡಿರಬಾರದು.

ಉಪ್ಪುನೀರು

ಬಂದರಿನ ಬಾಯಿಯಲ್ಲಿ ಹೇಗೆ ಒಳಗೆ ಬಂದಿರಿ? ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಆಳದಲ್ಲಿ ಆದವಲ್ಲ, ಮನೆ ಕಾಣುವಷ್ಟು ಹತ್ತಿರ, ನದಿ ಕಡಲು ಸೇರುವ ಅಳಿವೆಯಲ್ಲಿ ಆದವು. ನದಿಯ ನೀರು ಹೊರಗೆ ಹರಿಯುವಾಗ ಅಲೆ ಒಳಗೆ ಬಂದರೆ, ಅದು ನೆಟ್ಟಗಾಗಿ ಮುರಿಯುತ್ತದೆ.

ಹೊಸಗಾಳ

ಹೊರಗೆ ಒಂದೂವರೆ ಗಂಟೆ ನಿಂತೆವು. ಇಳಿತ ಮುಗಿದು ಉಬ್ಬರ ಶುರುವಾಗುವವರೆಗೆ ತಾಂಡೇಲರು ಒಳಗೆ ನುಗ್ಗಲೇ ಇಲ್ಲ. ಮಂಡಿ ನೋವಿನ ಗೆಳೆಯ ಅಳುತ್ತಿದ್ದ, ದೀಪ ಕಾಣುತ್ತಿತ್ತು. ಆ ಸಲ ನಾನು ಏನೂ ಹೇಳಲಿಲ್ಲ.

ಉಪ್ಪುನೀರು

ನಿಮ್ಮ ತಾಂಡೇಲ ನಿಮ್ಮನ್ನು ಉಳಿಸಿದ್ದು ಎಂಜಿನ್ ಕೋಣೆಯಲ್ಲಿ ಮಾತ್ರವಲ್ಲ ಎಂದು ತಿಳಿಯಿರಿ.

ಗಾಳಿಲೆಕ್ಕ

ಅದೇ ಕಾರಣ ಆಳ ಸಮುದ್ರದಲ್ಲೂ ಇದೆ. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಕಡಲೊಳಗೇ ನದಿಯಂತೆ ಹರಿಯುವ ಅಗುಲಾಸ್ ಪ್ರವಾಹಕ್ಕೆ ನೈಋತ್ಯದ ಅಲೆ ಎದುರಾದಾಗ ದೊಡ್ಡ ಹಡಗುಗಳೂ ಮುರಿದಿವೆ. ಪ್ರವಾಹವಿಲ್ಲದೆಯೂ ದೈತ್ಯ ಅಲೆ ಏಳುತ್ತದೆ: 1995ರ ಜನವರಿ 1ರಂದು ಉತ್ತರ ಸಮುದ್ರದಲ್ಲಿ ನಿಲ್ಲಿಸಿದ ಡ್ರೌಪ್ನರ್ ಅನಿಲ ವೇದಿಕೆಯ ಉಪಕರಣ 25.6 ಮೀಟರಿನ ಅಲೆಯನ್ನು ಅಳೆಯಿತು. ಸುತ್ತಲಿನ ಅಲೆಗಳ ಎತ್ತರ, ಮುನ್ಸೂಚನೆಯಲ್ಲಿ ಕೊಡುವ ಅದೇ ಸರಾಸರಿಯ ಲೆಕ್ಕದಲ್ಲಿ, ಸುಮಾರು 12 ಮೀಟರ್. ಎರಡರಷ್ಟು ಎಂದು ನಾನು ಮೊದಲು ಹೇಳಿದ್ದು ಇದನ್ನೇ.

ಮದ್ದುಚೀಟಿ

ರೇಡಿಯೋ ಇತ್ತೇ? ಎಂಜಿನ್ ನಿಂತಾಗ ಯಾರಿಗಾದರೂ ತಿಳಿಸಿದಿರಾ?

ಹೊಸಗಾಳ

ವಿಎಚ್‌ಎಫ್ ಇತ್ತು. ತಾಂಡೇಲರ ಕೈ ಎಂಜಿನ್‌ನಲ್ಲಿ. ನಮ್ಮಲ್ಲಿ ಯಾರಿಗೂ ಬಳಸಲು ಬರುತ್ತಿರಲಿಲ್ಲ.

ಡೀಸೆಲ್‌ಕೈ

ಹೊರಡುವ ಮೊದಲು ಐದು ನಿಮಿಷದಲ್ಲಿ ಕಲಿಯಬಹುದು. ಚಾನೆಲ್ 16. ಗುಂಡಿ ಒತ್ತಿ ಹಿಡಿದು, ಪ್ರಾಣಾಪಾಯದ ಕರೆಯಾದ ಮೇಡೇ ಎಂದು ಮೂರು ಸಲ, ಬೋಟಿನ ಹೆಸರು, ಜಿಪಿಎಸ್‌ನಲ್ಲಿ ಕಾಣುವ ಸ್ಥಳ, ಏನಾಗಿದೆ, ಎಷ್ಟು ಜನ. ಗುಂಡಿ ಬಿಟ್ಟು ಕೇಳಿಸಿಕೊಳ್ಳಿ. ಇನ್ನೂ ಪ್ರಾಣಾಪಾಯ ಆಗಿಲ್ಲದಿದ್ದರೆ ಮೇಡೇ ಬದಲು ಪ್ಯಾನ್ ಪ್ಯಾನ್ ಎನ್ನಬೇಕು, ನಿಮ್ಮದು ಆ ಹಂತ. 28 ಮೈಲಿನಲ್ಲಿ ರೇಡಿಯೋ ದಡಕ್ಕೆ ಮುಟ್ಟದೆಯೂ ಇರಬಹುದು. ಅದಕ್ಕೇ 406 ಮೆಗಾಹರ್ಟ್ಸ್‌ನ ಈಪರ್ಬ್ ಎಂಬ ಅಪಾಯ ಸೂಚಕ ಬೀಕನ್ ಬೇಕು. ಅದರ ಸಂಕೇತ ನೇರ ಉಪಗ್ರಹಕ್ಕೆ ಹೋಗುತ್ತದೆ, ಕನಿಷ್ಠ 48 ಗಂಟೆ ಕೂಗುತ್ತಲೇ ಇರುತ್ತದೆ.

ಹೊಸಗಾಳ

ನಿನ್ನೆ ಸಂಜೆ ತಾಂಡೇಲರ ಮನೆಗೆ ಹೋಗಿದ್ದೆ. ನಿಮ್ಮೆಲ್ಲರ ಉತ್ತರಗಳನ್ನು ಓದಿ ಹೇಳಿದೆ. ಏಳನೆಯ ಅಲೆಯ ಮಾತಿಗೆ ತಲೆದೂಗಿದರು, ಫಿಲ್ಟರ್ ಎರಡು ಇಡುವ ಮಾತಿಗೆ 'ಮಾಡಿಸುತ್ತೇನೆ' ಎಂದರು. ನಾನು ಕ್ಷಮೆ ಕೇಳಿದೆ. ಆಗ ಅವರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: 'ನೀವು ಕೇಳಿದ್ದರಲ್ಲಿ ತಪ್ಪಿಲ್ಲ, ಮೀನು ಬೀಳುವಾಗ ಎಲ್ಲರೂ ಕೇಳುತ್ತಾರೆ. ಒಪ್ಪಿದ್ದು ನನ್ನ ತಪ್ಪು.'

ನನಗೆ ಅದು ಸರಿ ಎನಿಸಲಿಲ್ಲ, ಹಾಗೆಂದೆ. ಕೊನೆಗೆ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆದೆವು. ಅಲೆ 1.5 ಮೀಟರ್ ಮೀರಿ, ಅವಧಿ 7 ಸೆಕೆಂಡಿಗಿಂತ ಕಡಿಮೆ ಇದ್ದರೆ ಹೊರಡುವುದಿಲ್ಲ. ಹೊರಗಿದ್ದಾಗ ಗಾಳಿ 20 ನಾಟ್ ಮುಟ್ಟಿದರೆ ಗಾಳದಲ್ಲಿ ಮೀನು ಇದ್ದರೂ ಹೊರಡುವುದು. ಆರು ಜನರಲ್ಲಿ ಯಾರೇ 'ಸಾಕು' ಎಂದರೂ ಹೊರಡುವುದು, ಕಾರಣ ಕೇಳುವುದು ದಡಕ್ಕೆ ಬಂದ ಮೇಲೆ. ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಚುಕ್ಕಾಣಿಯ ಪಕ್ಕ ತಿರುಪು ಹೊಡೆದು ಕೂರಿಸಿದರು.

ಗಾಳಿಲೆಕ್ಕ

ಈ ಸಂಖ್ಯೆಗಳು ನಿಮ್ಮ ಬೋಟಿಗೆ ಮಾತ್ರ ಎಂದು ಓದುವವರು ಗಮನಿಸಬೇಕು. ಸಣ್ಣ ಬೋಟಿಗೆ 1.5 ಮೀಟರೇ ಹೆಚ್ಚಾಗಬಹುದು.

ಉಪ್ಪುನೀರು

ಮೂರನೆಯ ಸಾಲಿಗೆ ನನ್ನ ತಕರಾರು ಇದೆ. ಹೊಸಬನೊಬ್ಬ ಹೆದರಿ ಪ್ರತಿ ಸಲ 'ಸಾಕು' ಎಂದರೆ ಯಾರೂ ಮೀನು ಹಿಡಿಯುವಂತಿಲ್ಲ.

ದಡದವಳು

ಹಿಡಿಯದಿದ್ದರೂ ನಡೆಯುತ್ತದೆ ಅಣ್ಣ.

ಉಪ್ಪುನೀರು

ಸರಿ ತಂಗಿ. ತಕರಾರು ವಾಪಸು ತೆಗೆದುಕೊಂಡೆ.

ಮದ್ದುಚೀಟಿ

ಗೆಳೆಯರ ಮಂಡಿ ಹೇಗಿದೆ? ಎಕ್ಸ್‌ರೇ ತೆಗೆಸಿದಿರಾ?

ಹೊಸಗಾಳ

ತೆಗೆಸಿದೆವು, ಮೂಳೆ ಮುರಿದಿಲ್ಲ. ಊತ ಇಳಿದಿದೆ, ಮೆಟ್ಟಿಲು ಇಳಿಯುವಾಗ ಇನ್ನೂ ನೋವಿದೆಯಂತೆ. ಈ ಶನಿವಾರ ಹೋಗೋಣವೇ ಎಂದು ಕೇಳಲು ಇವತ್ತು ಅವನೇ ಫೋನ್ ಮಾಡಿದ್ದ. ಮುನ್ಸೂಚನೆ ನೋಡಿದೆ: 1.8 ಮೀಟರ್, 6 ಸೆಕೆಂಡು. ಬೇಡ ಎಂದೆ.